ಮೆಟ್ಟಿಲೇರುವ ಕುರ್ಚಿ ಕೊಳ್ಳುವಿರಾ?

ಮನೆಯ ಹಿರಿಯರಿಗೆ ಮೊಣಕಾಲು ಹಿಡಿದುಕೊಂಡಾಗ ಮೊದಲು ತಪ್ಪಿಹೋಗುವುದು ಮಾಳಿಗೆ. ನಿನ್ನೆಯವರೆಗೆ ಮೇಲೆ ಹೋಗಿ ಸಂಡಿಗೆ ಒಣಹಾಕಿ, ಮೆಣಸಿನಕಾಯಿ ಹರವಿ ಬರುತ್ತಿದ್ದ ಅತ್ತೆ ಇವತ್ತು ಕೆಳಗೇ ಕೂತು, “ನೀವ ಹಾಕ್ರವ್ವಾ, ನನ್ನ ಕೈಲಿ ಆಗಂಗಿಲ್ಲ” ಅನ್ನುತ್ತಾರೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಗಾಳಿಗೆ ಮಲಗಿದರೆ, ಅವರೊಬ್ಬರು ಪಡಸಾಲೆಯ ಸೆಕೆಯಲ್ಲಿ ಹೊರಳಾಡುತ್ತಾರೆ. ಮಲಗುವ ಕೋಣೆ ಮೇಲಿದ್ದು ಬಚ್ಚಲು, ಪಾಯಖಾನೆ ಕೆಳಗಿದ್ದರಂತೂ ಪಾಡು ಹೇಳತೀರದು. ರಾತ್ರಿ ಇಳಿಯಬೇಕಾದೀತು ಅಂತ ಎಷ್ಟೋ ಮಂದಿ ಹಿರಿಯರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಯಾರಿಗೂ ಹೇಳುವುದೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯ ಬಿಸಿಲಿನಲ್ಲಿ ಇದು ಪ್ರಾಣಕ್ಕೇ ಕುತ್ತು.

ಮಲ್ಲಟ, ಸಿರವಾರ, ಮಾನ್ವಿ, ದೇವದುರ್ಗದ ಕಡೆ ಜಂತಿ-ಮಣ್ಣಿನ ಮಾಳಿಗೆಯ ಮನೆಗಳ ಪಕ್ಕದಲ್ಲೇ ಈಗ ಸಿಮೆಂಟಿನ ಎರಡಂತಸ್ತಿನ ಮನೆಗಳು ಎದ್ದಿವೆ. ರಾಯಚೂರು ಪಟ್ಟಣದಲ್ಲಂತೂ ಕೆಳಗೆ ಅಂಗಡಿ, ಮೇಲೆ ವಾಸ ಎಂಬುದು ಮಾಮೂಲು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿರುವ ಮಗ ಅಲ್ಲಿ ಯಾರದೋ ಮನೆಯಲ್ಲಿ ಸ್ಟೇರ್‌ಲಿಫ್ಟ್ ನೋಡಿ, “ನಮ್ಮ ಮನಿಗೂ ಒಂದು ಹಾಕಿಸೋಣು” ಅಂತ ಫೋನು ಮಾಡುತ್ತಾನೆ. ಒಳ್ಳೆಯ ಮಾತೇ. ಆದರೆ ಲಕ್ಷಗಟ್ಟಲೆ ಹಣದ ಮಾತು. ಕೊಂಡ ಕುರ್ಚಿ ಆರು ತಿಂಗಳಿಗೆ ಬಟ್ಟೆ ಒಣಹಾಕುವ ಗೂಟವಾಗಬಾರದಲ್ಲವೇ? ಅದಕ್ಕೇ ದುಡ್ಡು ಬಿಚ್ಚುವ ಮುನ್ನ ಈ ಕೆಲವು ಸಂಗತಿಗಳನ್ನು ಮನೆಯವರೆಲ್ಲ ಕೂತು ಯೋಚಿಸಿ.

ಏನಿದು ಕುರ್ಚಿ?

ಮೆಟ್ಟಿಲ ಒಂದು ಪಕ್ಕದಲ್ಲಿ ಉದ್ದಕ್ಕೂ ಒಂದು ಹಳಿ ಕೂಡಿಸುತ್ತಾರೆ. ಸಾಮಾನ್ಯವಾಗಿ ಈ ಹಳಿಯನ್ನು ಗೋಡೆಗಲ್ಲ, ಮೆಟ್ಟಿಲಿಗೇ ಬಿಗಿಯುತ್ತಾರೆ. ಹಳಿಯ ಮೇಲೆ ಮೋಟಾರಿನ ಕುರ್ಚಿ. ಕುಳಿತು, ಬೆಲ್ಟು ಹಾಕಿಕೊಂಡು, ಕೈಹಿಡಿಯ ಗುಂಡಿ ಒತ್ತಿ ಹಿಡಿದರೆ ಕುರ್ಚಿ ನಿಧಾನವಾಗಿ ಏರುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಹದಿನೈದು ಮೆಟ್ಟಿಲಿಗೆ ಮುಕ್ಕಾಲು ನಿಮಿಷ ಹಿಡಿಯಬಹುದು. ಮೇಲೆ ಹೋದಮೇಲೆ ಕುರ್ಚಿ ಒಳಮುಖವಾಗಿ ತಿರುಗುತ್ತದೆ. ಮೆಟ್ಟಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕಾಲಿಡಬಹುದು. ಕಾಲುಹಲಗೆಗೆ ಏನಾದರೂ ಅಡ್ಡ ತಾಗಿದರೆ ತಾನೇ ನಿಲ್ಲುವ ವ್ಯವಸ್ಥೆಯೂ ಇರುತ್ತದೆ.

ಇದು ತೀರಾ ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸಿ. ಸಿ. ಕ್ರಿಸ್ಪೆನ್ ಎಂಬಾತ 1920ರ ದಶಕದಲ್ಲೇ ಮೆಟ್ಟಿಲೇರುವ ಆಸನ ಮಾಡಿ ಮಾರಾಟಕ್ಕೆ ತಂದಿದ್ದ. ನಮ್ಮ ಕಡೆಯ ಮನೆಗಳಿಗೆ ಮಾತ್ರ ಇದು ಹೊಸ ಅತಿಥಿ.

ಮೊದಲು ಕೂರುವವರನ್ನು ಕೇಳಿ

ಮಕ್ಕಳು, ಸೊಸೆಯಂದಿರು, ಅಳಿಯಂದಿರು ಸೇರಿ ಎಲ್ಲ ತೀರ್ಮಾನಿಸಿ ಕೊನೆಗೆ ಹಿರಿಯರಿಗೆ ತಿಳಿಸುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ನಡೆಯದು. “ನನಗ್ಯಾಕ ಅದೆಲ್ಲ? ಇದ್ದಷ್ಟು ದಿನ ಇಲ್ಲೇ ಬಿದ್ದಿರ್ತೀನಿ” ಅನ್ನುವ ಅತ್ತೆಯ ಮಾತನ್ನು ಅಲ್ಲಿಗೇ ಬಿಡಬೇಡಿ. ಪಕ್ಕದಲ್ಲಿ ಕೂತು, “ಅತ್ತೀ, ಮ್ಯಾಲೆ ಹೋಗಾಕ ಆದ್ರ ಏನ್ ಮಾಡ್ಬೇಕಂತ ಅನಸ್ತದ?” ಅಂತ ಕೇಳಿ. ಮೇಲಿನ ದೇವರ ಕೋಣೆಯೇ, ಮೊಮ್ಮಕ್ಕಳ ಜೊತೆ ಮಲಗುವುದೇ, ಸಂಜೆಯ ಗಾಳಿಯೇ? ಅಥವಾ ಅವರಿಗೆ ಕೆಳಗಿನ ಪಡಸಾಲೆಯೇ, ಹೋಗಿ-ಬರುವವರ ಮಾತೇ ಬೇಕೇ? ಮೇಲೆ ಅವರಿಗೆ ಏನೂ ಬೇಡವಾಗಿದ್ದರೆ ಕುರ್ಚಿಯ ಮಾತನ್ನೇ ಬಿಟ್ಟು ಕೆಳಗಿನ ಕೋಣೆಯನ್ನು ಅನುಕೂಲ ಮಾಡುವುದು ಲೇಸು.

ಆಮೇಲೆ ಡಾಕ್ಟರನ್ನು ಕಾಣಿ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಸರಿಯಾದ ಮಿತಿ. ಬೇರೆ ನೀರೇ ಇಲ್ಲದಾಗ 1.5ರವರೆಗೆ ನಡೆದೀತು ಅಂತ ನಮ್ಮ ದೇಶದ ಮಾನಕ ಹೇಳುತ್ತದೆ. ಇದಕ್ಕಿಂತ ಹೆಚ್ಚಿನ ನೀರನ್ನು ಹತ್ತಾರು ವರ್ಷ ಕುಡಿದವರಿಗೆ ಕೀಲು, ಬೆನ್ನೆಲುಬು ಬಿಗಿಯುತ್ತವೆ. ಕಾಲು ಹಿಡಿದದ್ದೆಲ್ಲ ವಯಸ್ಸಿನಿಂದಲೇ ಅಂತ ತಿಳಿಯಬೇಡಿ. ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿ ತೋರಿಸಿ, ಕಾಲು ಎಷ್ಟು ಮಡಚುತ್ತದೆ, ಮುಂದೆ ಹೇಗಾಗಬಹುದು ಅಂತ ಕೇಳಿಕೊಳ್ಳಿ.

ಕುರ್ಚಿಯಲ್ಲಿ ಕೂರಬೇಕಾದರೆ ಮೊಣಕಾಲು ಮಡಚಲೇಬೇಕು. ಕಾಲು ಚಾಚಿಯೇ ಕೂರುವವರಿಗೆ ಅಗಲವಾದ ಮೆಟ್ಟಿಲು ಬೇಕು, ಇಲ್ಲವೇ ಅರೆ ನಿಂತಂತೆ ಹೋಗುವ ಬೇರೆ ಮಾದರಿ ಬೇಕು. ಲಕ್ವ ಹೊಡೆದವರಾದರೆ ಗುಂಡಿ ಯಾವ ಕೈಗೆ ಸಿಗಬೇಕು ಅಂತ ಮೊದಲೇ ಹೇಳಿರಬೇಕು. ಬೆರಳು ಸೆಟೆದವರಿಗೆ ಸಣ್ಣ ಗುಂಡಿಗಿಂತ ತಳ್ಳುವ ಹಿಡಿಕೆ ಸುಲಭ. ಮರೆವು ಬಹಳ ಇರುವವರನ್ನು ಒಬ್ಬರೇ ಕೂರಿಸಿ ಕಳಿಸುವಂತಿಲ್ಲ. ಇನ್ನು ಗಾಲಿಕುರ್ಚಿಯಲ್ಲೇ ಇರುವವರಿಗೆ ಮೇಲೊಂದು, ಕೆಳಗೊಂದು ಗಾಲಿಕುರ್ಚಿ ಬೇಕಾಗುತ್ತದೆ. ಏರಿ ಇಳಿಸಲು ಒಬ್ಬರ ಕೈಯೂ ಬೇಕು.

ಟೇಪು ಹಿಡಿದು ಮೆಟ್ಟಿಲು ನೋಡಿ

ನಿಮ್ಮ ಮನೆಯ ಮೆಟ್ಟಿಲು ನೆಟ್ಟಗಿದೆಯೋ, ನಡುವೆ ತಿರುವು ಇದೆಯೋ? ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಇದೇ. ನೆಟ್ಟಗಿನ ಹಳಿ ಸಿದ್ಧವಾಗಿ ಸಿಗುತ್ತದೆ, ಉದ್ದಕ್ಕೆ ತಕ್ಕಂತೆ ಕತ್ತರಿಸಿ ಕೂಡಿಸುತ್ತಾರೆ. ತಿರುವಿನ ಹಳಿಯನ್ನು ನಿಮ್ಮ ಮನೆಯ ಅಳತೆಗೆಂದೇ ಮಾಡಿಸಬೇಕು. ಹೀಗಾಗಿ ಬೆಲೆ ಎಷ್ಟೋ ಪಟ್ಟು ಏರುತ್ತದೆ, ವಾರಗಟ್ಟಲೆ ಕಾಯಬೇಕಾಗುತ್ತದೆ, ಮುಂದೆ ಬೇಡವಾದರೆ ಇನ್ನೊಬ್ಬರ ಮನೆಗೆ ಒಗ್ಗುವುದೂ ಇಲ್ಲ. ತಿರುವಿನ ನಡುವೆ ಅಗಲವಾದ ಕಟ್ಟೆ ಇದ್ದರೆ ಎರಡು ನೇರ ಹಳಿ, ಎರಡು ಕುರ್ಚಿ ಹಾಕುವುದುಂಟು. ಆದರೆ ನಡುವೆ ಒಂದರಿಂದ ಎದ್ದು ಇನ್ನೊಂದಕ್ಕೆ ಕೂರುವ ಶಕ್ತಿ ಹಿರಿಯರಿಗೆ ಇರಬೇಕು.

ಮೆಟ್ಟಿಲ ಅಗಲ ಸುಮಾರು ಎರಡೂವರೆ ಅಡಿಗಿಂತ ಕಡಿಮೆಯಿದ್ದರೆ ಕಷ್ಟ. ಒಂದು ಉಪಾಯ ಹೇಳುತ್ತೇವೆ. ಹಿರಿಯರನ್ನು ಮನೆಯ ಕುರ್ಚಿಯಲ್ಲಿ ಬೆನ್ನು ಗೋಡೆಗೆ ತಾಗುವಂತೆ ಕೂರಿಸಿ, ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಅಳೆಯಿರಿ. ಅದಕ್ಕೆ ನಾಲ್ಕು ಬೆರಳು ಸೇರಿಸಿ. ಅಷ್ಟು ಜಾಗ ಮೆಟ್ಟಿಲಿನಲ್ಲಿ ಇಲ್ಲವಾದರೆ ಎದುರು ಗೋಡೆಗೆ ಮೊಣಕಾಲು ಉಜ್ಜುತ್ತದೆ. ಕುರ್ಚಿ ಮಡಚಿಟ್ಟಾಗಲೂ ಒಂದು ಅಡಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕೊಡ ಹಿಡಿದು, ಬಟ್ಟೆಯ ಬುಟ್ಟಿ ಹೊತ್ತು ಹತ್ತುವವರು ನೀವು. ನಿಮಗೂ ದಾರಿ ಉಳಿಯಬೇಕಲ್ಲ! ಕೊನೆಯ ಮೆಟ್ಟಿಲ ಮುಂದೆಯೇ ಬಾಗಿಲಿದ್ದರೆ, ಹಳಿಯ ತುದಿ ಅದಕ್ಕೆ ಅಡ್ಡ ಬರುತ್ತದೆ. ಮಡಚುವ ಹಳಿ ಇದೆಯೇ ಅಂತ ಕೇಳಿ.

ನಮ್ಮ ಕಡೆ ಮೆಟ್ಟಿಲ ಮೇಲೆ ಶಹಾಬಾದ್ ಬಂಡೆ ಹಾಸುವುದು ಹೆಚ್ಚು. ಬಂಡೆಯ ಕೆಳಗೆ ಗಚ್ಚು ಪೊಳ್ಳಾಗಿದ್ದರೆ ತೂತು ಹೊಡೆಯುವಾಗ ಬಂಡೆ ಸೀಳುತ್ತದೆ. ಒಂದು ಸುತ್ತಿಗೆಯ ಹಿಡಿಯಿಂದ ಪ್ರತಿ ಮೆಟ್ಟಿಲನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಮೊದಲು ಗೌಂಡಿಯನ್ನು ಕರೆಸಿ ಸರಿ ಮಾಡಿಸಿ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ಮೆಟ್ಟಿಲೇ ಬಿರುಕು ಬಿಟ್ಟಿದ್ದರೆ ಅದನ್ನೂ ತೋರಿಸಿ.

ಇನ್ನೊಂದು ಮುಖ್ಯ ಮಾತು. ಹಲವು ಮನೆಗಳಲ್ಲಿ ಮೆಟ್ಟಿಲು ಮನೆಯ ಹೊರಗೇ ಇರುತ್ತದೆ. ಒಳಗಿನ ಕುರ್ಚಿಯನ್ನು ಹೊರಗೆ ಹಾಕಿದರೆ ಬಿಸಿಲು, ಮಳೆ, ಧೂಳಿಗೆ ಬೇಗ ಹಾಳಾಗುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಮಾದರಿ ಬೇರೆ ಇದೆ, ಅದಕ್ಕೆ ಹೊದಿಕೆಯೂ ಬರುತ್ತದೆ. ಆದರೂ ಮೇಲೊಂದು ತಗಡಿನ ನೆರಳು ಮಾಡಿಸುವುದು ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ ಕಾದ ಆಸನದ ಮೇಲೆ ಕೂರುವುದಾದರೂ ಹೇಗೆ?

ಕರೆಂಟು ಹೋದರೆ?

ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದ್ದರೂ ನಮ್ಮ ಹಳ್ಳಿಗಳಿಗೆ ಕರೆಂಟು ಕೈಕೊಡುವುದು ತಪ್ಪಿಲ್ಲ. ನಡುದಾರಿಯಲ್ಲಿ ಕುರ್ಚಿ ನಿಂತರೆ ಗತಿಯೇನು ಅನ್ನುವ ಭಯ ಸಹಜ. ಇಂದಿನ ಬಹುತೇಕ ಕುರ್ಚಿಗಳು 24 ವೋಲ್ಟಿನ ಬ್ಯಾಟರಿಯಿಂದ ಓಡುತ್ತವೆ. ಮನೆಯ ಕರೆಂಟು ಬ್ಯಾಟರಿಯನ್ನು ಚಾರ್ಜ್ ಮಾಡಲು ಮಾತ್ರ. ಹೀಗಾಗಿ ಕರೆಂಟು ಹೋದರೂ ಹಲವು ಸಲ ಹತ್ತಿ ಇಳಿಯಬಹುದು. ಆದರೆ ಕುರ್ಚಿಯನ್ನು ಹಳಿಯ ತುದಿಯ ಚಾರ್ಜಿಂಗ್ ಜಾಗದಲ್ಲೇ ನಿಲ್ಲಿಸಬೇಕು. ನಡುವೆ ಬಿಟ್ಟರೆ ಸಾಮಾನ್ಯವಾಗಿ ಬ್ಯಾಟರಿ ಇಳಿಯುತ್ತದೆ. ಬ್ಯಾಟರಿಯ ಆಯುಷ್ಯ ಮೂರರಿಂದ ಐದು ವರ್ಷ. ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಟರಿಯಿಲ್ಲದೆ ನೇರ ಕರೆಂಟಿನಲ್ಲೇ ಓಡುವ ಹಳೆಯ ಮಾದರಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಳ್ಳಿಯವರು ಕೊಳ್ಳುವುದು ಬೇಡ. ವೋಲ್ಟೇಜ್ ಏರಿಳಿತ ಇರುವ ಮನೆಯಲ್ಲಿ ಸ್ಟೆಬಿಲೈಜರ್ ಬೇಕೇ ಅಂತ ಕೇಳಿ. ಅರ್ಥಿಂಗ್ ಸರಿಯಿದೆಯೇ ಅಂತ ನೋಡಿಸಿ.

ರಿಪೇರಿಯವರು ಎಲ್ಲಿಂದ ಬರುತ್ತಾರೆ?

ಮಲ್ಲಟದಂಥ ಊರಿನಲ್ಲಿರುವವರಿಗೆ ಬೆಲೆಗಿಂತ ದೊಡ್ಡ ಪ್ರಶ್ನೆ ಇದು. ಮಾರುವವರು ಇರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ರಾಯಚೂರಿನಿಂದ ಹೈದರಾಬಾದು ಸುಮಾರು 200 ಕಿಲೋಮೀಟರ್, ಬೆಂಗಳೂರು ಸುಮಾರು 400. ಮಗ ಬೆಂಗಳೂರಿನಲ್ಲಿದ್ದಾನೆ ಅಂತ ಅಲ್ಲೇ ಕೊಂಡರೆ, ಕೆಟ್ಟಾಗ ಬರುವವನು ಎಷ್ಟು ದಿನಕ್ಕೆ ಬಂದಾನು? ಎರಡೂ ಕಡೆ ವಿಚಾರಿಸಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

ಮನೆಗೆ ಬಂದು ಅಳತೆ ತೆಗೆಯಲು ಹಣ ಕೇಳುತ್ತೀರಾ? ಹೇಳಿದ ಬೆಲೆಯಲ್ಲಿ ಸಾಗಣೆ, ಕೂಡಿಸುವ ಕೂಲಿ, ತೆರಿಗೆ ಎಲ್ಲ ಸೇರಿದೆಯೇ? ಗ್ಯಾರಂಟಿ ಎಷ್ಟು ವರ್ಷ, ಬ್ಯಾಟರಿಗೂ ಇದೆಯೇ? ಆಮೇಲೆ ವರ್ಷದ ನಿರ್ವಹಣೆಗೆ ಎಷ್ಟು, ವರ್ಷಕ್ಕೆ ಎಷ್ಟು ಸಲ ಬರುತ್ತೀರಿ? ಕೆಟ್ಟಿತು ಅಂತ ಫೋನು ಮಾಡಿದರೆ ಎಷ್ಟು ದಿನದಲ್ಲಿ ಬರುತ್ತೀರಿ, ದಾರಿಖರ್ಚು ಯಾರದು? ಬಿಡಿಭಾಗ ದೇಶದಲ್ಲೇ ಸಿಗುತ್ತದೆಯೇ? ಎಷ್ಟು ಕಿಲೋ ತೂಕ ತಾಳುತ್ತದೆ?

ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕಾಗದದ ಮೇಲೆ ಬರೆಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. “ಇವತ್ತೇ ಬುಕ್ ಮಾಡಿದರೆ ಮಾತ್ರ ಈ ಬೆಲೆ” ಅನ್ನುವವನ ಮುಂದೆ ಎರಡು ದಿನ ಸುಮ್ಮನಿದ್ದು ನೋಡಿ. ಅವರು ಈಗಾಗಲೇ ಹಾಕಿಕೊಟ್ಟ ಒಂದು ಮನೆಯನ್ನು ತೋರಿಸಲು ಹೇಳಿ. ಆ ಮನೆಯ ಹೆಂಗಸರನ್ನೇ ಮಾತನಾಡಿಸಿ. ಸೆಕೆಂಡ್‌ಹ್ಯಾಂಡ್ ಕುರ್ಚಿ ನೆಟ್ಟಗಿನ ಮೆಟ್ಟಿಲಿಗೆ ಆದೀತು. ಆದರೆ ಅದನ್ನು ಕೂಡಿಸಿ, ಮುಂದೆ ನೋಡಿಕೊಳ್ಳುವವರು ಯಾರು ಅಂತ ಗೊತ್ತಾಗದೆ ಕೊಳ್ಳಬೇಡಿ.

ಕುರ್ಚಿ ಬಂದಮೇಲೆ

ಕೂತಮೇಲೆ ಸೀರೆಯ ನೆರಿಗೆ, ಸೆರಗನ್ನು ಮಡಿಲಿಗೆ ಎಳೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಜೋತುಬಿದ್ದ ಸೆರಗು ಹಳಿಗೆ ಸಿಕ್ಕೀತು. ಮೊದಲ ಒಂದು ವಾರ ಯಾರಾದರೂ ಜೊತೆಯಲ್ಲಿ ಮೆಟ್ಟಿಲು ಹತ್ತಿ. ಮಕ್ಕಳಿಗೆ ಇದು ಜಾತ್ರೆಯ ತೊಟ್ಟಿಲು, ಕೀಲಿ ತೆಗೆದಿಡಿ. ಮೆಟ್ಟಿಲ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುವುದನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಹಳಿಗೆ ಕೊಬ್ಬರಿ ಎಣ್ಣೆ ಹಚ್ಚುವ ಉಪಚಾರ ಬೇಡ. ಧೂಳು ಅಂಟಿ ಮಡ್ಡಿಯಾಗುತ್ತದೆ. ವೈರನ್ನು ಇಲಿ ಕಡಿಯದಂತೆ ಕೊಳವೆಯಲ್ಲಿ ಹಾಕಿಸಿ.

ಅಷ್ಟು ಹಣ ಇಲ್ಲದವರು?

ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಕುಟುಂಬದ 60 ದಾಟಿದವರಿಗಾಗಿ ಇದೆ. ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದವನ್ನು ಅದರಲ್ಲಿ ಉಚಿತವಾಗಿ ಕೊಡುತ್ತಾರೆ. ಮೆಟ್ಟಿಲ ಕುರ್ಚಿ ಆ ಪಟ್ಟಿಯಲ್ಲಿಲ್ಲ. ಇಂಥ ವಿಚಾರಗಳಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಮಾಡಬಹುದು.

ಕುರ್ಚಿ ಕೊಳ್ಳದೆಯೂ ಮಾಡಬಹುದಾದದ್ದು ಬಹಳಷ್ಟಿದೆ. ಮೆಟ್ಟಿಲ ಎರಡೂ ಕಡೆ ಗಟ್ಟಿ ಹಿಡಿಕಂಬಿ, ಮೇಲೂ ಕೆಳಗೂ ಒಂದೊಂದು ಲೈಟಿನ ಸ್ವಿಚ್ಚು, ಮೆಟ್ಟಿಲ ಅಂಚಿಗೆ ಕಾಲು ಜಾರದ ಪಟ್ಟಿ: ಊರಿನ ವೆಲ್ಡಿಂಗಿನವನು, ಕರೆಂಟಿನವನು ಎರಡು ದಿನದಲ್ಲಿ ಮಾಡಿಕೊಟ್ಟಾರು. ಕೆಳಗಿನ ಕೋಣೆಗೆ ಮಂಚ ಇಳಿಸಿ, ಪಕ್ಕದಲ್ಲೇ ಕಮೋಡ್ ಇರುವ ಪಾಯಖಾನೆ ಕಟ್ಟಿಸಿದರೆ ಕುರ್ಚಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ ಸಿಗಬಹುದು. ಆದರೆ ಹಾಗೆ ಇಳಿಸಿದವರನ್ನು ಅಲ್ಲೇ ಮರೆಯಬಾರದು. ಮನೆಮಂದಿಯ ಊಟ, ಮಾತು, ಟೀವಿ ಕೂಡ ಅವರಿರುವಲ್ಲಿಗೇ ಇಳಿಯಲಿ.

ಹೊಸ ಮನೆ ಕಟ್ಟಿಸುವವರು ನಕ್ಷೆ ಬರೆಸುವಾಗಲೇ ಮೂರು ಅಡಿ ಅಗಲದ ನೆಟ್ಟಗಿನ ಮೆಟ್ಟಿಲು, ಕೆಳಗೊಂದು ಮಲಗುವ ಕೋಣೆ, ಅದಕ್ಕೆ ಹೊಂದಿ ಬಚ್ಚಲು ಅಂತ ಹೇಳಿಬಿಡಿ. ಇಂದು ಅತ್ತೆಗೆ ಬೇಕಾದದ್ದು ನಾಳೆ ನಮಗೂ ಬೇಕಾಗುವಂಥದೇ.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಈ ವಾರ ಮೂರು ಕೆಲಸ ಮುಗಿಸಿ: ಹಿರಿಯರ ಮನಸ್ಸು ತಿಳಿಯಿರಿ, ಮೆಟ್ಟಿಲು ಅಳೆಯಿರಿ, ಎರಡು ಊರಿನ ಮಾರಾಟಗಾರರಿಗೆ ಫೋನು ಮಾಡಿ. ಅದಕ್ಕೂ ಮುನ್ನ ಇವತ್ತು ರಾತ್ರಿಯೇ ಅವರ ತಲೆದಸಿಯಲ್ಲಿ ಒಂದು ತಂಬಿಗೆ ನೀರಿಟ್ಟು, “ಕುಡೀರಿ ಅತ್ತೀ, ಎಬ್ಬಸ್ರಿ, ನಾನು ಕರಕೊಂಡು ಹೋಗ್ತೀನಿ” ಅಂತ ಹೇಳಿ.