ಕೊತ್ತಂಬರಿ ಮಡಿಯ ಸುಳ್ಳು ಜೇನು

ಖಾನಾಪುರದ ನಮ್ಮ ಕಾಕೂ ಹಿತ್ತಲಲ್ಲಿ ಒಂದು ಮಡಿ ಕೊತ್ತಂಬರಿ ಕೀಳದೆ ಬಿಟ್ಟಿದ್ದರು. ದೀಪಾವಳಿ ಕಳೆದ ಮೇಲೆ ಅದು ಬಿಳಿ ಹೂ ಬಿಟ್ಟಿತು. ಬೆಳಗಿನ ಒಂಬತ್ತರ ಬಿಸಿಲಲ್ಲಿ ಅದರ ಮುಂದೆ ಮಂಡಿಯೂರಿ ಕೂತಿದ್ದೆ. ಭಾಂಡೆ ತಿಕ್ಕುತ್ತಿದ್ದ ಕಾಕೂ, “ಏನ್ ಕಳಕೊಂಡೀಯಪಾ? ಜೇನ್‌ಹುಳ ಐತಿ, ಕಡೀತೈತಿ, ಸರಿ ಆಕಡೆ” ಎಂದರು.

ಕಡಿಯಲಿಲ್ಲ. ಅದಕ್ಕೆ ಕೊಂಡಿಯೇ ಇಲ್ಲ. ಹಳದಿ-ಕಪ್ಪು ಪಟ್ಟೆಯ ವೇಷ ಹಾಕಿದ ನೊಣ ಅದು. ಜೇನಿಗೆ ರೆಕ್ಕೆ ನಾಲ್ಕು, ಇದಕ್ಕೆ ಎರಡೇ, ಮೀಸೆಯೂ ಗಿಡ್ಡ. ಹೂವಿನ ಮೇಲೆ ಗಾಳಿಗೇ ಮೊಳೆ ಹೊಡೆದು ತೂಗುಹಾಕಿದಂತೆ ನಿಲ್ಲುತ್ತದೆ. ಕೃಷಿ ವಿಜ್ಞಾನಿಗಳಿಗೆ ಇದು ಸಿರ್ಫಿಡ್ ನೊಣ; ನಾನು ಹೂನೊಣ ಎಂದು ಕರೆದುಕೊಳ್ಳುತ್ತೇನೆ. ಸಾಧುಪ್ರಾಣಿಗಳು ವೇಷದಿಂದಲೇ ಬದುಕಿಕೊಳ್ಳುವ ಈ ಉಪಾಯವನ್ನು 1862ರಲ್ಲಿ ವಿವರಿಸಿದವನು ಹೆನ್ರಿ ಬೇಟ್ಸ್, ಅದೂ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ.

ಹುಳವನ್ನು ಹತ್ತಿರದಿಂದ ನೋಡುವ ಹುಚ್ಚು ಇನ್ನೂ ಹಳೆಯದು. 1665ರಲ್ಲೇ ರಾಬರ್ಟ್ ಹುಕ್ ಒಂದು ಬೂದು ನೊಣದ ತಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕಣ್ಣಿನ ಬಿಲ್ಲೆಗಳು ಸುಮಾರು 14,000 ಎಂದು ಲೆಕ್ಕ ಹಾಕಿ, ಚಿತ್ರ ಬರೆದ. ನಮ್ಮ ಕಡೆ ಅದೃಷ್ಟ ಖುಲಾಯಿಸಿದ್ದು ಚಿಟ್ಟೆಗಳಿಗೆ. ಖಾನಾಪುರದ ಪಕ್ಕದ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಡೇವಿಡ್‌ಸನ್, ಬೆಲ್, ಏಟ್ಕನ್ ಎಂಬ ಮೂವರು ಬ್ರಿಟಿಷ್ ಅಧಿಕಾರಿಗಳು 1896ರ ಸುಮಾರಿಗೆ ವಿವರವಾಗಿ ಬರೆದರು. ನೊಣವನ್ನು ಯಾರು ಕೇಳಬೇಕು? ಕೇಳಿದವನು ಎನ್ರಿಕೊ ಬ್ರುನೆಟ್ಟಿ. ವೃತ್ತಿಯಲ್ಲಿ ಸಂಗೀತಗಾರ! ರೆಕ್ಕೆಯ ಶ್ರುತಿ ಹಿಡಿಸಿತೋ ಏನೋ, ಭಾರತದ ಹೂನೊಣಗಳನ್ನು 1923ರ ಸಂಪುಟವೊಂದರಲ್ಲಿ ವಿಂಗಡಿಸಿಟ್ಟ. ಆದರೆ ಅವೆಲ್ಲ ಸೂಜಿ ಚುಚ್ಚಿದ ಹೆಣಗಳು.

ಜೀವಂತ ಹುಳವನ್ನು ಹಿಡಿಯಲು ಕ್ಯಾಮೆರಾ ಕಲಿತದ್ದು ತಡವಾಗಿ. ಲೆನ್ಸಿನ ಮೂಲಕವೇ ನೋಡಿ ಕ್ಲಿಕ್ಕಿಸುವ 35 ಮಿ.ಮೀ. ಕ್ಯಾಮೆರಾ ಕೈನೆ ಎಕ್ಸಾಕ್ಟಾ ಬಂದದ್ದು 1936ರಲ್ಲಿ. ಹುಳದ ಮಗ್ಗುಲಿಗೇ ಹೋದರೂ ಫೋಕಸ್ ಆಗುವ ಮ್ಯಾಕ್ರೊ ಕಿಲಾರ್ ಲೆನ್ಸ್ 1955ರಲ್ಲಿ. ನಾನು ಬೆಳಗಾವಿಯ ವ್ಯಾಕ್ಸಿನ್ ಡಿಪೊ ಮರಗಳ ಕೆಳಗೆ ಫೋಟೊ ಕಲಿಯುವಾಗ ಅಂಥ ಲೆನ್ಸಿಗೆ ದುಡ್ಡೆಲ್ಲಿ? ಮದುವೆ ಫೋಟೊ ತೆಗೆಯುವ 50 ಎಂ.ಎಂ. ಲೆನ್ಸನ್ನೇ ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾ ಬಾಯಿಗೆ ಒತ್ತಿ ಹಿಡಿಯುತ್ತಿದ್ದೆ. ಸಣ್ಣದು ದೊಡ್ಡದಾಗುತ್ತಿತ್ತು, ನಿಜ. 36 ಫೋಟೊಗಳ ರೋಲು ತೊಳೆಸಿದರೆ ಮೂವತ್ತರಲ್ಲಿ ಬರೀ ಹೂ.

ಈಗ ಮೊಬೈಲಿಗೆ ಕ್ಲಿಪ್ ಲೆನ್ಸ್ ಸಿಕ್ಕಿಸಿದರಾಯಿತು. ಬೆನ್ನಟ್ಟುವವನಿಗೆ ಮಾತ್ರ ಹೂನೊಣ ಇಂದಿಗೂ ಸಿಗುವುದಿಲ್ಲ. ಗಾಳಿಯಲ್ಲಿ ತನ್ನ ಜಾಗ ಕಾಯುವ ಗಂಡು ಸರ್ರನೆ ಹಾರಿಹೋದರೂ ಮತ್ತೆ ಅಲ್ಲಿಗೇ ಬರುತ್ತದೆ. ಆ ಖಾಲಿ ಜಾಗಕ್ಕೆ ಫೋಕಸ್ ಮಾಡಿ ಉಸಿರು ಬಿಗಿಹಿಡಿದು ಕೂರಬೇಕು. ಗಂಡೆಂದು ಹೇಗೆ ಗೊತ್ತು? ಫೋಟೊ ಹಿಗ್ಗಿಸಿ ನೋಡಿ: ಹೆಚ್ಚಿನ ಜಾತಿಗಳಲ್ಲಿ ಗಂಡಿನ ಎರಡೂ ಕಣ್ಣು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ.

ಅವತ್ತು ಕಾಕೂಗೆ ತೋರಿಸಿದ್ದು ಬೇರೆಯೇ ಫೋಟೊ. ಅಲಸಂದಿ ಬಳ್ಳಿಯ ಕುಡಿಗೆ ಕರಿಹೇನು ಮುತ್ತಿತ್ತು. ಅವುಗಳ ನಡುವೆ ಕಾಲಿಲ್ಲದ, ಕಣ್ಣಿಲ್ಲದ ಹಸಿರು ಮರಿಹುಳವೊಂದು ಹೇನನ್ನು ಬಾಯಲ್ಲಿ ಮೇಲಕ್ಕೆತ್ತಿ ಹಿಡಿದು ರಸ ಹೀರುತ್ತಿತ್ತು.

“ಇದನ್ನ ನಾ ದಿನಾ ತಗದು ಒಗೀತೀನಲ್ಲೋ!”

ಇದೇ ಮುಂದೆ ಆ ಕೊತ್ತಂಬರಿ ಹೂವಿನ ನೊಣ ಆಗೋದು ಎಂದೆ. ಕಾಕೂ ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲನ್ನು ಮೂಗಿನ ಹತ್ತಿರ ತಂದು ನೋಡಿದರು.

“ಅಯ್ಯ, ಇದಕ್ಕ ಮಾರಿನೇ ಇಲ್ಲಲ್ಲೋ!”