ಖಾತೆ ಮಾತ್ರ ಕೊಟ್ಟವನೂ ಅಪರಾಧಿಯೇ?

ಹಲಾಲ್ ಸಂಪಾದನೆಯ ಬಗ್ಗೆ ಜುಮಾ ಖುತ್ಬಾಗಳಲ್ಲಿ ನಾವು ಬಹಳ ಸಲ ಕೇಳಿದ್ದೇವೆ. ಆದರೆ ಬೆಳ್ಳಂದೂರು, ಇಬ್ಬಲೂರು, ಕಸವನಹಳ್ಳಿಯ ಪಿಜಿಗಳಲ್ಲಿದ್ದು ಐಟಿ ಕಂಪನಿಗಳಲ್ಲೋ ಡೆಲಿವರಿ ಕೆಲಸದಲ್ಲೋ ದುಡಿಯುವ ನಮ್ಮ ಮಕ್ಕಳಿಗೆ ಎದುರಾಗಬಹುದಾದ ಒಂದು ಆಮಿಷವನ್ನು ಬಿಡಿಸಿ ಹೇಳಬೇಕಾಗಿದೆ. ‘ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಒಂದು ವಾರಕ್ಕೆ ಕೊಡು. ಬಂದ ಹಣದಲ್ಲಿ ನಿನಗೆ ಕಮಿಷನ್.’ ಸೈಬರ್ ವಂಚಕರು ದೋಚಿದ ಹಣವನ್ನು ದಾಟಿಸುವುದು ಇಂಥ ಬಾಡಿಗೆ ಖಾತೆಗಳ ಮೂಲಕ. ಪೊಲೀಸರು ಇವನ್ನು ‘ಮ್ಯೂಲ್ ಖಾತೆ’ ಎನ್ನುತ್ತಾರೆ. ಮ್ಯೂಲ್ ಎಂದರೆ ಹೊರೆ ಹೊರುವ ಹೇಸರಗತ್ತೆ. ಹಣ ಕಳೆದುಕೊಂಡವರು 1930ಕ್ಕೆ ದೂರು ಕೊಟ್ಟಾಗ ಮೊದಲು ಸಿಗುವ ಹೆಸರು ವಂಚಕನದಲ್ಲ, ಖಾತೆದಾರನದು. ‘ನಾನು ಯಾರಿಗೂ ಮೋಸ ಮಾಡಿಲ್ಲ, ಖಾತೆ ಮಾತ್ರ ಕೊಟ್ಟೆ’ ಎಂದು ಅವನು ಹೇಳಬಹುದು.

ಕಾನೂನು ಈ ‘ಮಾತ್ರ’ವನ್ನು ಸುಲಭಕ್ಕೆ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಐಪಿಸಿಯ ಬದಲು ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಂ ಪ್ರಕಾರ ಅಪರಾಧಕ್ಕೆ ಪ್ರೇರೇಪಿಸುವುದು, ಒಳಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು, ಈ ಮೂರೂ ಕುಮ್ಮಕ್ಕೇ. ಕುಮ್ಮಕ್ಕಿನಿಂದ ಅಪರಾಧ ನಡೆದುಹೋದರೆ, ಬೇರೆ ಶಿಕ್ಷೆ ಹೇಳಿರದಿದ್ದಲ್ಲಿ, ಎಸಗಿದವನಿಗೆ ಇರುವ ಶಿಕ್ಷೆಯೇ ನೆರವಾದವನಿಗೂ (ಕಲಂ 49). ವಂಚಿಸಿ ಹಣ ಪಡೆದದ್ದಕ್ಕೆ 7 ವರ್ಷದವರೆಗೆ ಜೈಲು. ಜೊತೆಗೆ, 317ನೇ ಕಲಂ ವಂಚನೆಯಿಂದ ಬಂದ ಸ್ವತ್ತನ್ನೂ ‘ಕಳವಿನ ಸ್ವತ್ತು’ ಎಂದೇ ಕರೆಯುತ್ತದೆ. ಗೊತ್ತಿದ್ದೂ ಅದನ್ನು ಪಡೆದರೆ, ಇಟ್ಟುಕೊಂಡರೆ 3 ವರ್ಷದವರೆಗೆ ಸಜೆ.

ಇದಕ್ಕೆ ನೂರು ವರ್ಷ ಹಳೆಯ ತೀರ್ಪೊಂದು ಇಂದಿಗೂ ಆಧಾರ. 1923ರಲ್ಲಿ ಕಲ್ಕತ್ತಾದ ಶಂಕರಿತೋಲಾ ಅಂಚೆ ಕಚೇರಿಗೆ ಕೆಲವರು ನುಗ್ಗಿ, ಹಣ ಕೇಳಿ, ಪೋಸ್ಟ್ ಮಾಸ್ಟರನ್ನು ಗುಂಡಿಟ್ಟು ಕೊಂದರು. ಸಿಕ್ಕಿಬಿದ್ದ ಬರೇಂದ್ರ ಕುಮಾರ್ ಘೋಷ್, ತಾನು ಹೆದರಿ ಹೊರಗೆ ನಿಂತಿದ್ದೆ ಎಂದು ವಾದಿಸಿದ. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಎಲ್ಲರ ಸಮಾನ ಉದ್ದೇಶಕ್ಕಾಗಿ ಸುಮ್ಮನೆ ನಿಂತು ಕಾದವನೂ ಕೃತ್ಯದ ಪಾಲುದಾರನೇ ಎಂದಿತು. ಆಗಿನ ಐಪಿಸಿ 34 ಈಗ ಹೊಸ ಸಂಹಿತೆಯ 3(5). ಬಡ್ಡಿಯ ವಿಷಯದಲ್ಲಿ ಪ್ರವಾದಿ(ಸ)ರು ತಿನ್ನುವವನ ಜೊತೆಗೆ ತಿನ್ನಿಸುವವನನ್ನೂ, ಪತ್ರ ಬರೆಯುವವನನ್ನೂ, ಇಬ್ಬರು ಸಾಕ್ಷಿಗಳನ್ನೂ ಸಮಾನವಾಗಿ ಎಣಿಸಿದ ಹದೀಸ್ (ಸಹೀಹ್ ಮುಸ್ಲಿಂ) ಓದಿದವರಿಗೆ ಇದು ಹೊಸದೆನಿಸದು.

ಹಾಗೆಂದು ಖಾತೆಗೆ ಹಣ ಬಂದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ಗ್ರಾಹಕನೊಬ್ಬ ಕ್ಯೂಆರ್ ಕೋಡ್‌ಗೆ ಹಾಕಿದ ಹಣ ವಂಚನೆಯದಾಗಿದ್ದು, ಅಂಗಡಿಯವರ ಖಾತೆ ಸ್ತಂಭನವಾದರೆ ಅವರು ಬಿಲ್ಲು, ಸರಕಿನ ಲೆಕ್ಕ ತೋರಿಸಬಹುದು. ತಿಳಿವು, ಉದ್ದೇಶ ಇದ್ದವೆಂದು ಸಾಬೀತು ಮಾಡುವ ಹೊಣೆ ಸರಕಾರದ ಪಕ್ಷದ್ದು. ಆದರೆ ದುಡಿಯದೆ ಸಿಕ್ಕ ಕಮಿಷನ್, ಬೇರೆಯವರ ಕೈಗಿತ್ತ ಸ್ವಂತ ಸಿಮ್, ವಾಟ್ಸ್‌ಆ್ಯಪ್ ಮಾತುಕತೆ ಇವೆಲ್ಲ ಮುಂದಿರುವಾಗ ‘ಗೊತ್ತಿರಲಿಲ್ಲ’ ಎಂಬುದನ್ನು ನ್ಯಾಯಾಧೀಶರು ನಂಬುವುದು ಕಷ್ಟ.

ಇನ್ನು ಮನೆಯವರ ವಿಷಯ. ಮಗನನ್ನು ಉಳಿಸಲೆಂದು ಅವನ ಫೋನಿನ ಸಂದೇಶ ಅಳಿಸುವುದು, ಪೊಲೀಸರಿಗೆ ಸಿಗದಂತೆ ಊರಲ್ಲಿ ಬಚ್ಚಿಡುವುದು 238 ಮತ್ತು 249ನೇ ಕಲಂಗಳಡಿ ಬೇರೆಯೇ ಅಪರಾಧವಾಗಬಹುದು. ಬಚ್ಚಿಟ್ಟದ್ದಕ್ಕೆ ವಿನಾಯಿತಿ ಗಂಡ ಅಥವಾ ಹೆಂಡತಿಗೆ ಮಾತ್ರ. ಉಮ್ಮನಿಗಿಲ್ಲ, ಬಾಪಾನಿಗಿಲ್ಲ, ಅಣ್ಣನಿಗೂ ಇಲ್ಲ. ಇದು ತುಸು ಕಠಿಣವೆಂದೇ ನಮಗೆ ಅನಿಸುತ್ತದೆ, ಆದರೆ ಕಾನೂನು ಹಾಗಿದೆ.

ಖಾತೆ ಈಗಾಗಲೇ ಕೊಟ್ಟಾಗಿದ್ದರೆ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ ಅದನ್ನು ತಡೆಹಿಡಿಸಿ. ಸಿಮ್ ಬ್ಲಾಕ್ ಮಾಡಿಸಿ, ಬಂದ ಹಣ ಮುಟ್ಟಬೇಡಿ, ಸಂದೇಶಗಳನ್ನು ಹಾಗೇ ಉಳಿಸಿ. ವಕೀಲರನ್ನು ಕಂಡು ಠಾಣೆಗೆ ಹೋಗಿ. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ಹಾಜರಾಗಲು ನೋಟಿಸ್ ಕೊಡುತ್ತಾರೆ. ಅದನ್ನು ತಪ್ಪಿಸಿಕೊಂಡರೆ ಬಂಧನಕ್ಕೆ ದಾರಿ ಮಾಡಿಕೊಟ್ಟಂತೆ. ವಕೀಲರ ಶುಲ್ಕ ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.