ಕಾಡಿಲ್ಲದ ಸೀಮೆಯ ವನ್ಯಜೀವಿ ವಿಜ್ಞಾನ

ವನ್ಯಜೀವಿ ವಿಜ್ಞಾನವೆಂದೊಡನೆ ನಾಗರಹೊಳೆ, ಬಂಡೀಪುರಗಳ ಕಾಡು ಕಣ್ಮುಂದೆ ಬರುವುದು ರೂಢಿಯಾಗಿರುವುದರಿಂದ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ವಿದ್ಯಾರ್ಥಿಗಳು ಅದನ್ನು ಮಲೆನಾಡಿನವರ ಪಾಲಿನ ವಿದ್ಯೆಯೆಂದು ಬದಿಗಿಡುವುದುಂಟು. ಈ ಸೀಮೆಯ ಬಹುಭಾಗ ಜೋಳ, ಕಡಲೆ, ಹತ್ತಿ ಬೆಳೆಯುವ ಎರೆ ಬಯಲು. ಗಜೇಂದ್ರಗಡದ ಸುತ್ತ ಕುರುಚಲು ಗಿಡಗಳ ಗುಡ್ಡಸಾಲು. ಕಂದಾಯ ಕಡತಗಳಲ್ಲಿ ಬೀಳು, ಖರಾಬು ಎನಿಸಿಕೊಳ್ಳುವ ಇಂಥ ನೆಲವನ್ನೇ ಜನ ಚಿಗರಿಯೆನ್ನುವ ಕೃಷ್ಣಮೃಗ, ತೋಳ, ನರಿಗಳೂ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳೂ ನೆಚ್ಚಿಕೊಂಡಿವೆ. ಜೀವಿಗಳು ನೆಲ, ನೀರು, ಹವೆಗಳೊಡನೆಯೂ ಪರಸ್ಪರವೂ ಹೊಂದಿರುವ ಸಂಬಂಧವನ್ನು ಅಳೆದು ಅರಿಯುವ ಶಾಸ್ತ್ರವೇ ಇಕಾಲಜಿ, ಅಂದರೆ ಪರಿಸರ ವಿಜ್ಞಾನ. ದಟ್ಟ ಮರಗಳು ಅದಕ್ಕೆ ಷರತ್ತಲ್ಲ.

ಕಣ್ಣಿಗೆ ಬಿದ್ದ ಪ್ರಾಣಿಗಳಿಗಿಂತ ಬೀಳದವುಗಳ ಲೆಕ್ಕವೇ ಈ ಶಾಸ್ತ್ರದಲ್ಲಿ ಕಠಿಣ. ಚಿಗರಿ ಗಣತಿಗೆ ಹೊರಟವರು ನಕ್ಷೆಯಲ್ಲಿ ಮೊದಲೇ ಗೊತ್ತುಪಡಿಸಿದ, ಟ್ರಾನ್ಸೆಕ್ಟ್ ಎಂದು ಕರೆಯುವ ನೇರ ರೇಖೆಯ ಮೇಲೆ ಬೆಳಗಿನ ಹೊತ್ತು ನಡೆಯುತ್ತಾರೆ. ಹಿಂಡು ಕಂಡಲ್ಲಿ ನಿಂತು ತಲೆಗಳನ್ನು ಎಣಿಸಿ, ದೂರಮಾಪಕದಿಂದ ಅಂತರವನ್ನೂ ದಿಕ್ಸೂಚಿಯಿಂದ ಕೋನವನ್ನೂ ಗುರುತು ಹಾಕಿಕೊಂಡು, ರೇಖೆಗೆ ಲಂಬವಾಗಿ ಹಿಂಡು ಎಷ್ಟು ದೂರವಿತ್ತೆಂದು ಕಂಡುಕೊಳ್ಳುತ್ತಾರೆ. ದೂರ ಹೆಚ್ಚಿದಂತೆ ಕಣ್ತಪ್ಪುವವೂ ಹೆಚ್ಚುವುದರಿಂದ, ಆ ಇಳಿಕೆಯ ಗತಿಯನ್ನು ಸಂಖ್ಯಾಶಾಸ್ತ್ರದ ಸೂತ್ರಕ್ಕೆ ಒಳಪಡಿಸಿ, ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಪ್ರಾಣಿಗಳಿರಬಹುದೆಂದು ಅಂದಾಜಿಸಲಾಗುತ್ತದೆ. ಹಿಂಗಾರಿ ಜೋಳ ಎದೆಮಟ್ಟ ನಿಂತಾಗ ಮರೆಯಾಗಿದ್ದ ಚಿಗರಿಗಳು ಸುಗ್ಗಿ ಮುಗಿದ ಬಟಾಬಯಲಿನಲ್ಲಿ ಕಾಣಿಸಿಕೊಂಡಾಗ, ಬರಿ ಎಣಿಕೆಯನ್ನೇ ನಂಬಿದವರಿಗೆ ಅವುಗಳ ಸಂತತಿ ಒಂದೆರಡು ತಿಂಗಳಲ್ಲೇ ದುಪ್ಪಟ್ಟಾದಂತೆ ತೋರಬಹುದು. ತೋಳವಂತೂ ಎಣಿಕೆಗೆ ಸುಲಭವಾಗಿ ಸಿಗುವ ಪ್ರಾಣಿಯಲ್ಲ; ಅದರ ಹಿಕ್ಕೆಯನ್ನು ತೊಳೆದು ಒಣಗಿಸಿ, ಉಳಿದ ಕೂದಲನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ತಿಂದದ್ದು ಕುರಿಯನ್ನೋ ಮೊಲವನ್ನೋ ಎಂಬುದು ಕೂದಲಿನ ಒಳರಚನೆಯಿಂದ ತಿಳಿಯುತ್ತದೆ. ಕುರಿಗಾಹಿಗಳ ನಷ್ಟದ ಚರ್ಚೆಯಲ್ಲಿ ಇಂಥ ಪುರಾವೆಗೆ ಇರುವ ತೂಕ ಭಾಷಣಕ್ಕಿಲ್ಲ.

ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮತ್ತೊಂದು ಪ್ರಶ್ನೆಯನ್ನು ಎತ್ತುತ್ತವೆ: ಅವುಗಳಿಂದ ಸುತ್ತಲಿನ ಜೀವಿಗಳಿಗೆ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳಿದ್ದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ವಿರಳವಾಗಿದ್ದವು. ತಿನ್ನುವವರು ಕಡಿಮೆಯಾದ್ದರಿಂದ ಓತಿಕ್ಯಾತಗಳು ಸಂಖ್ಯೆಯಲ್ಲಿ ಹೆಚ್ಚಿದ್ದರೂ ಮೈಯಲ್ಲಿ ಸೊರಗಿದ್ದವು. ಅದೇ ಪ್ರಶ್ನೆಯನ್ನು ಗಜೇಂದ್ರಗಡದಲ್ಲಿ ಕೇಳಲು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರಿಗೆ ದುಬಾರಿ ಸಲಕರಣೆಯೇನೂ ಬೇಕಾಗದು.

ಓದಿಗೆ ಹತ್ತಿರದ ದಾರಿಯೆಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೂ ವನ್ಯಜೀವಿ ವಿಭಾಗವಿದೆ. ಡೆಹ್ರಾಡೂನಿನಲ್ಲಿ 1982ರಲ್ಲಿ ಸ್ಥಾಪನೆಯಾದ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳ ಎಂ.ಎಸ್‌ಸಿ. ತರಗತಿಗಳಿಗೆ ದೇಶದಾದ್ಯಂತ ಪೈಪೋಟಿಯಿದ್ದು, ಸೀಟುಗಳು ಬೆರಳೆಣಿಕೆಯಷ್ಟು. ಪ್ರಾಣಿಶಾಸ್ತ್ರ ಓದದವರಿಗೆ ಬಾಗಿಲು ಮುಚ್ಚಿದೆಯೆಂದೇನೂ ಅಲ್ಲ: ಹುಲಿ ಗಣತಿಗೆ ಕ್ಯಾಮೆರಾ ಟ್ರ್ಯಾಪ್ ವಿಧಾನವನ್ನು ಬೆಳೆಸಿದ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಬಳಿಕ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನ ಕಲಿತವರು.

ಸಂಪಾದನೆಯ ವಿಷಯದಲ್ಲಿ ಮಾತು ಮರೆಸಬೇಕಿಲ್ಲ. ಅರಣ್ಯ ಇಲಾಖೆಯ ನೌಕರಿ ಆಡಳಿತದ್ದು, ಸಂಶೋಧನೆಯ ದಾರಿ ಬೇರೆಯದು. ಈ ಎರಡನೆಯದರಲ್ಲಿ ಆರಂಭದ ಕೆಲಸಗಳು ಬಹುಮಟ್ಟಿಗೆ ಯೋಜನೆಯ ಅವಧಿಗಷ್ಟೇ ಸೀಮಿತವಾದ ಗುತ್ತಿಗೆಯವು, ಸಂಬಳ ಮಿತವಾದದ್ದು, ಕಾಯಂ ಹುದ್ದೆಗೆ ಸಾಮಾನ್ಯವಾಗಿ ಪಿಎಚ್.ಡಿ. ಬೇಕು. ಆದರೆ ಬಯಲುಸೀಮೆಯ ಅಧ್ಯಯನ ತಂಡಗಳಿಗೆ ಹಟ್ಟಿಯಲ್ಲಿ ಕುಳಿತು ಕುರಿಗಾಹಿಗಳ ಮಾತಿನಲ್ಲೇ ಮಾತಾಡಬಲ್ಲ, ಮುಂಗಾರಿ–ಹಿಂಗಾರಿಗಳ ಲೆಕ್ಕ ಬಲ್ಲ ಸಹಾಯಕರು ಬೇಕಾಗುತ್ತಾರೆ. ಅಂಥವರು ಪದವಿಯಲ್ಲಿದ್ದಾಗಲೇ ಸಂಖ್ಯಾಶಾಸ್ತ್ರವನ್ನೂ, ಪುಕ್ಕಟೆಯಾಗಿ ಸಿಗುವ 'ಆರ್' ಎಂಬ ಗಣಕ ತಂತ್ರಾಂಶವನ್ನೂ ಕಲಿತಿದ್ದರೆ, ದತ್ತಾಂಶ ಕಲೆಹಾಕುವ ಕೂಲಿಯಿಂದ ಅದನ್ನು ವಿಶ್ಲೇಷಿಸುವ ಕೆಲಸಕ್ಕೆ ಏರುವುದು ಬೇಗ ಸಾಧ್ಯವಾಗುತ್ತದೆ.